ಗುದ್ದಿದ್ದು ನಾನು, ಹೆಸರು ಚಿನ್ನೂಗೆ

ಗೆಳೆಯರೆ, ಇವತ್ತು ನನಗೆ ಒಂದು ಹಕ್ಕಿಯ ಮೇಲೆ ಹೊಟ್ಟೆಕಿಚ್ಚಾಗಿದೆ.

ಬೆಳಿಗ್ಗೆ ಭಾಂಡುಪ್‌ನ ನಮ್ಮ ಮನೆಯಲ್ಲಿ ಮಿಕ್ಸರ್ ಹಾಕಿ ಚಟ್ನಿ ರುಬ್ಬುತ್ತಿದ್ದೆ. ಎರಡು ವರ್ಷದ ಮೊಮ್ಮಗಳು ಸಾನ್ವಿ ಹೊರಗಿನ ಕೋಣೆಯಲ್ಲಿ ಆಡುತ್ತಿದ್ದಳು. ಆ ಸದ್ದಿನಲ್ಲೂ ಸೊಸೆ ಸಾಕಿದ ಕಾಕಟೀಲ್ ಹಕ್ಕಿ ಚಿನ್ನೂ ಕಿರುಚುವುದು ಕೇಳಿಸಿತು. ಕಾಳಿಗಾಗಿ ಅದು ದಿನವೂ ಕೂಗುತ್ತದೆ. ಇವತ್ತು ಮಾತ್ರ ನಿಲ್ಲಿಸಲೇ ಇಲ್ಲ. ಬೈಯಲೆಂದು ಹೋದರೆ ಅದು ಪಂಜರಕ್ಕೆ ರೆಕ್ಕೆ ಬಡಿಯುತ್ತಿದೆ, ಕೆಳಗೆ ಮಗುವಿನ ಗಂಟಲಲ್ಲಿ ದ್ರಾಕ್ಷಿ ಸಿಕ್ಕಿಕೊಂಡಿದೆ. ಅಳಲೂ ಆಗದೆ ಮುಖ ನೀಲಿಯಾಗುತ್ತಿತ್ತು. ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದೆ. ದ್ರಾಕ್ಷಿ ಹೊರಬಿತ್ತು. ಮಗು ಅತ್ತಿತು, ನಾನೂ ಅತ್ತೆ.

ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ ಎಂದರು. ಆಫೀಸಿನಿಂದ ಓಡಿಬಂದ ಸೊಸೆ ಮಗುವನ್ನು ಅಪ್ಪಿಕೊಂಡು ಪಂಜರದ ಮುಂದೆ ನಿಂತಳು. "ಚಿನ್ನೂ, ನೀ ಇರಲಿಲ್ಲಂದ್ರ ನನ್ನ ಕೂಸು ಏನಾಗ್ತಿತ್ತೋ ಏನೋ" ಎಂದು ಕಣ್ಣೊರೆಸಿಕೊಂಡಳು. ಪಕ್ಕದ ಮನೆಯವರು ಸೇಬು ತಂದರು, ಅದೂ ಹಕ್ಕಿಗೆ. ಬೊರಿವಲಿಯಲ್ಲಿ ಕೆಲಸದಲ್ಲಿದ್ದ ಮಗ ವಿಡಿಯೊ ಕಾಲ್ ಮಾಡಿ, "ಅವ್ವಾ, ಸ್ವಲ್ಪ ಆ ಕಡೆ ಸರಿ, ಚಿನ್ನೂ ಕಾಣವಲ್ದು" ಎಂದ.

"ಬೆನ್ನಿಗೆ ಗುದ್ದಿದಾಕಿ ನಾನಪಾ" ಎಂದೆ.

"ಹೌದವ್ವಾ, ಆದ್ರ ನಿನ್ನ ಕರದದ್ದು ಯಾರು?"

ಎಲ್ಲರೂ ಅತ್ತ ಹೋದ ಮೇಲೆ ನಾನೂ ಪಂಜರದೊಳಗೆ ಒಂದು ದಂಟು ಕೊತ್ತಂಬರಿ ಇಟ್ಟೆ. ಥ್ಯಾಂಕ್ಸ್ ಮಾತ್ರ ಹೇಳಲಿಲ್ಲ. ಅದನ್ನು ಹೇಳಲು ಚಿನ್ನೂಗೆ ಬೇಕಾದಷ್ಟು ಜನ ಇದ್ದಾರೆ.