ಗರುಡನ ಗರಿಯ ಬುಡ

ಈ ಹದ್ದುಗಳ ಸಹವಾಸವೇ ಸಾಕಪ್ಪ ಅನ್ನಿಸಿದ್ದು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಮತ್ತೋಡಿನ ಬಸ್ಸಿಗೆ ಕಾಯುತ್ತ ಕೂತಾಗ. ಆರು ವರ್ಷದಿಂದ ನನ್ನದು ಒಂದೇ ಕೆಲಸ. ಉದುರಿದ ಗರಿ ಆರಿಸುವುದು, ಅದರಿಂದ ಡಿಎನ್‌ಎ ತೆಗೆಯುವುದು, ಬೇಟೆ ಹಕ್ಕಿಗಳಲ್ಲಿ ಯಾರಿಗೆ ಯಾರು ನೆಂಟರು ಎಂದು ಪತ್ತೆ ಮಾಡುವುದು. ಕೊಕ್ಕು, ಉಗುರು ನೋಡಿ ನೆಂಟಸ್ತಿಕೆ ಕಟ್ಟಿದರೆ ಮೋಸ ಹೋಗುತ್ತೇವೆ. ಹದ್ದಿನ ತಮ್ಮನಂತೆ ಕಾಣುವ ಚಾಣ ಹಕ್ಕಿ ನಿಜದಲ್ಲಿ ಗಿಳಿಗೆ ಹತ್ತಿರ. ಇದನ್ನು ಮೊದಲು ಓದಿದಾಗ ಕುಣಿದಾಡಿದ್ದೆ. ಈಗ ಹೇಳುವಾಗ ನನಗೇ ಆಕಳಿಕೆ ಬರುತ್ತದೆ.

ಬಾಕಿ ಇದ್ದದ್ದು ನಮ್ಮ ಸೀಮೆಯ ಗರುಡನ ಗರಿ. ಅದಿಲ್ಲದೆ ಪ್ರಬಂಧದ ಕೊನೆಯ ಅಧ್ಯಾಯವಿಲ್ಲ. ಗರಿ ಆರಿಸಲು ಅರಣ್ಯ ಇಲಾಖೆ ಕೊಟ್ಟಿದ್ದ ಅನುಮತಿ ಇನ್ನು ಮೂರು ದಿನಕ್ಕೆ ಮುಗಿಯುತ್ತಿತ್ತು. ಹಿರಿಯೂರು, ಹೊಳಲ್ಕೆರೆ ಕಡೆಯ ಕೆರೆ ಏರಿಗಳನ್ನೆಲ್ಲ ಸುತ್ತಿ ಚಪ್ಪಲಿ ಸವೆಸಿದ್ದೆ. ಉಳಿದವಳು ಮತ್ತೋಡಿನ ನಮ್ಮ ದೊಡ್ಡವ್ವ. ಕುರಿ ಹಿಂದೆ ದಿನವಿಡೀ ಕೆರೆ ಅಂಗಳದಲ್ಲೇ ಇರುವವಳು. ‘ಹದ್ದಿಂದೋ ಗರುಡಂದೋ ಗರಿ ಸಿಕ್ಕರೆ ಎತ್ತಿಡು’ ಎಂದು ಬೇಸಿಗೆಯಲ್ಲೇ ಹೇಳಿ ಬಂದಿದ್ದೆ.

“ಬಾರವ್ವ, ಕುಂತ್ಕ. ನಿನ್ ಗರಿ ಅವೆ,” ಎಂದು ದೊಡ್ಡವ್ವ, ನಾನು ಮನೆ ಮುಟ್ಟುತ್ತಲೇ, ಮೊದಲು ಒಂದು ಗೊಬ್ಬರದ ಚೀಲ ತಂದು ಎಸೆದಳು. “ಇವು ಹದ್ದಿನವು. ಕೋಳಿಮರಿ ಕದಿಯೋ ಮುಂಡೇವು.”

ಮಣ್ಣು ಮೆತ್ತಿದ್ದರೂ ಒಳ್ಳೆಯ ಗರಿಗಳು. ಆಮೇಲೆ ಕೈ ತೊಳೆದುಕೊಂಡು ದೇವರ ಗೂಡಿನಿಂದ ಕೆಂಪು ಬಟ್ಟೆಯ ಗಂಟು ತೆಗೆದಳು. ನಾಲ್ಕು ಗರುಡನ ಗರಿ. ಬಿಸಿನೀರಲ್ಲಿ ತೊಳೆದು, ಅರಿಶಿನ ಕುಂಕುಮ ಹಚ್ಚಿದ್ದಳು. ನಾಲ್ಕರ ಬುಡದ ತುದಿಯೂ ಓರೆಯಾಗಿ ಕತ್ತರಿಸಿತ್ತು.

“ಬುಡ ಎಲ್ಲೈತೆ, ದೊಡ್ಡವ್ವ?”

“ಅದರಾಗೆ ರಕ್ತದ ಕಲೆ ಇತ್ತವ್ವ. ಗರುಡಪ್ಪನ ಗರಿ, ಮೈಲಿಗೆ ಮಾಡಿ ಇಡಕಾಗ್ತೈತಾ? ಕುಯ್ದು ಒಲೆಗೆ ಹಾಕ್ದೆ.”

ನನಗೆ ಬೇಕಾದ ಡಿಎನ್‌ಎ ಇದ್ದದ್ದೇ ಆ ಕಲೆಯಲ್ಲಿ. ಸಿಟ್ಟು ನೆತ್ತಿಗೇರಿತು. “ಹದ್ದು, ಗರುಡ ಎರಡೂ ಒಂದೇ ಮನೆಯವು! ಒಂದನ್ನ ಚೀಲಕ್ಕೆ ತುರುಕ್ತೀಯ, ಇನ್ನೊಂದನ್ನ ಪೂಜೆ ಮಾಡಿ ಹಾಳ್ ಮಾಡ್ತೀಯ!” ಎಂದು ಕೂಗಾಡಿದೆ.

ದೊಡ್ಡವ್ವ ಗರಿಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. “ಬುಡ ಬೇಕು ಅಂತ ನನಗೆ ಹೇಳಿದ್ಯಾ?”

ಹೇಳಿರಲಿಲ್ಲ. ಕಂಡಕಂಡ ಸಭೆಗಳಲ್ಲಿ ಗುರುತಿಲ್ಲದವರಿಗೆಲ್ಲ ಆ ಬುಡದ ಚಿತ್ರ ತೋರಿಸಿ ಬಂದಿದ್ದೆ. ಇವಳಿಗೇನು ತಿಳಿದೀತು ಎಂದು ಇವಳ ಹತ್ತಿರ ಮಾತ್ರ ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಾಯಿತು. ಸುಸ್ತಾಗಿ ಕಟ್ಟೆಯ ಮೇಲೆ ಕೂತು, ಆರು ವರ್ಷದ ಕೆಲಸವನ್ನೆಲ್ಲ ಮೊದಲಿಂದ ಹೇಳಿದೆ.

“ಇಷ್ಟೇನಾ?” ಎಂದಳು. “ಮರಿ ಬಣ್ಣ ನೋಡಿ ಇದು ಯಾವ ಕುರಿದು ಅಂತ ಹೇಳಕಾಗಲ್ಲ ಅಂತ ನಮಗೂ ಗೊತ್ತೈತೆ ಬಿಡು. ಮೊದ್ಲೇ ಹೇಳಿದ್ರೆ ಬುಡಾನೇ ದೇವ್ರ ಗೂಡಿನಾಗೆ ಇಡ್ತಿದ್ದೆ.”