ದಿಣ್ಣೆ ತೋಟಕ್ಕೆ ಹೊಡೆಸಿದ ಗೋಡು

ಹೇರೋಹಳ್ಳಿಯ ಹನುಮಕ್ಕ ಬಾಯಲ್ಲಿದ್ದ ದ್ರಾಕ್ಷಿರಸವನ್ನು ಥೂ ಎಂದು ಉಗಿದಳು. ಉಗಿದರೂ ರುಚಿ ಹೋಗಲಿಲ್ಲ. ಸೆರಗಿನ ತುದಿಯಿಂದ ನಾಲಿಗೆಯನ್ನೇ ಒರೆಸಿಕೊಂಡಳು.

"ಇದು ದಿಣ್ಣೆ ಹಣ್ಣಿನ ರಸವೇನೋ? ಒದ್ದೆ ಗೋಣಿಚೀಲ ಹಿಂಡಿದಂಗಿದೆ! ತಗ್ಗಿನ ಹಣ್ಣು ಬೆರೆಸಿದ್ದೀಯ."

"ಇಲ್ಲ ಕಣಮ್ಮ. ನಿನ್ನಾಣೆ," ಎಂದ ಮಗ ಭೈರೇಶ್.

"ಮುಚ್ಚೋ ಬಾಯಿ. ಕಳ್ಳ! ಅಪ್ಪನ ಹೆಸರಿಗೆ ಮೋರಿ ನೀರು ಬಿಡ್ತಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಹಣ್ಣು ಬಿಡಿಸಲು ಬಂದಿದ್ದ ಹೆಂಗಸರೆಲ್ಲ ಅಲ್ಲೇ ಇದ್ದರು. ನಲವತ್ತು ದಾಟಿದ ಮಗನಿಗೆ ಅವರೆದುರಿಗೇ ಬೈಗುಳ. ಅವನು ಡ್ರಮ್ಮಿನ ಮುಚ್ಚಳ ಹಾಕಿ ಆಚೆ ಹೋದ.

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆಗೆ ಹೋದರೆ ಇವರ ಎರಡು ದ್ರಾಕ್ಷಿ ತೋಟಗಳಿವೆ, ನಡುವೆ ಒಂದು ಶೆಡ್ಡು. ಅದೇ ಮನೆಯವರ ವೈನರಿ. ತಗ್ಗಿನ ತೋಟದ್ದು ಕಪ್ಪು ಜೇಡಿಮಣ್ಣು. ಅಲ್ಲಿ ಬಳ್ಳಿ ಹುಚ್ಚಾಪಟ್ಟೆ ಹಬ್ಬುತ್ತದೆ, ಹಣ್ಣು ದಪ್ಪ, ಒಳಗೆಲ್ಲ ನೀರು. ಮೇಲಿನ ದಿಣ್ಣೆ ಬರೀ ಕೆಂಪು ಗರಸು, ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಅಲ್ಲಿ ಬೇರು ನೀರು ಹುಡುಕಿಕೊಂಡು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿಯಬೇಕು. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ರಸ ಕಮ್ಮಿ. ಆದರೆ ಆ ರಸದ ಗತ್ತೇ ಬೇರೆ. ಮೂವತ್ತು ವರ್ಷದ ಹಿಂದೆ ಹನುಮಕ್ಕ ಗಂಡನ ಜೊತೆ ನಿಂತು ನೆಟ್ಟ ಬಳ್ಳಿಗಳವು. ಕಲ್ಲಿನಲ್ಲಿ ಏನು ಬೆಳೀತೀರಾ ಎಂದು ಆಗ ನಕ್ಕವರೆಲ್ಲ ತಮ್ಮ ಹೊಲಗಳನ್ನು ಸೈಟು ಮಾಡಿ ಮಾರಿಕೊಂಡು ಎಷ್ಟೋ ಕಾಲವಾಯಿತು.

ಎರಡು ತೋಟದ ರಸವನ್ನು ಬೇರೆ ಬೇರೆ ಡ್ರಮ್ಮಿನಲ್ಲೇ ಇಡಬೇಕು, ಅದು ಅವಳ ಕಟ್ಟಪ್ಪಣೆ. ದಿಣ್ಣೆಯ ವೈನಿನ ಬಾಟಲಿಗೆ ಮಾತ್ರ ತೀರಿಹೋದ ಗಂಡ ನಂಜುಂಡಪ್ಪನ ಹೆಸರಿನ ಲೇಬಲ್ಲು. ಈ ಸಲ ಆ ಹೆಸರು ಅಂಟಿಸುವುದೋ ಬೇಡವೋ ಎನ್ನುವಂತಾಗಿತ್ತು.

ವೈನ್ ಮಾಡುವುದನ್ನು ಓದಿ ಕಲಿತವಳು ಸೊಸೆ ರಮ್ಯಶ್ರೀ. ಅವಳೂ ರುಚಿ ನೋಡಿ ಮುಖ ಕಿವುಚಿದಳು. "ಅತ್ತೆ, ಇವರು ಏನೂ ಬೆರೆಸಿಲ್ಲ. ಮೇಲೆ ಬನ್ನಿ, ನೀವೇ ನೋಡಿ."

ಮಂಡಿನೋವಿನಿಂದಾಗಿ ಹನುಮಕ್ಕ ವರ್ಷದಿಂದ ದಿಣ್ಣೆ ಹತ್ತಿರಲಿಲ್ಲ. ಸೊಸೆಯ ಭುಜ ಹಿಡಿದು ಹತ್ತಿ ನೋಡಿದರೆ ತೋಟದ ಗುರುತೇ ಸಿಗಲಿಲ್ಲ. ಚಪ್ಪರದ ಮೇಲೆ ಸೊಪ್ಪೋ ಸೊಪ್ಪು, ಒಂದು ಚೂರು ಬಿಸಿಲು ಕೆಳಗೆ ಬೀಳುತ್ತಿರಲಿಲ್ಲ. ಒಂದು ಗೊಂಚಲು ಹಿಡಿದಳು. ಒಳಗಿನ ಹಣ್ಣೆಲ್ಲ ಕೊಳೆತು ಬೆರಳಿಗೆ ಲೊಳಲೊಳ ಅಂಟಿತು, ನೊಣ ಗುಂಯ್ ಎಂದು ಎದ್ದವು. ಅವಳು ಕೈ ಕೊಡವಿ ಹಿಂದೆ ಸರಿದಳು.

ರಮ್ಯಶ್ರೀ ಬುಡ ಕೆದಕಿದಳು. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಗರಸು. ಹೊಸ ಬೇರುಗಳೆಲ್ಲ ಆ ಕಪ್ಪಿನಲ್ಲೇ ಅಡ್ಡಡ್ಡ ಹಬ್ಬಿಕೊಂಡಿದ್ದವು. ನಡುನಡುವೆ ಶಾಂಪೂ ಪೊಟ್ಟಣ, ಕೂದಲ ಉಂಡೆ, ಹಾಲಿನ ಪ್ಯಾಕೆಟ್ಟಿನ ಚೂರು.

"ಮೇಲೇ ಊಟ ಸಿಕ್ತಿದೆಯಲ್ಲ ಅತ್ತೆ, ಬೇರು ಇನ್ಯಾಕೆ ಇಳಿಯುತ್ತೆ? ಕುಡ್ಕೊಂಡು ಬರೀ ಸೊಪ್ಪು ಬಿಟ್ಟಿದೆ. ಗೊಂಚಲಿಗೆ ಗಾಳಿ ಇಲ್ದೆ ಬೂಷ್ಟು ಹಿಡಿದಿದೆ."

ಆ ಕಪ್ಪು ಮಣ್ಣು ಹೊಡೆಸಿದವಳು ಹನುಮಕ್ಕನೇ. ಎರಡು ಬೇಸಗೆಯ ಹಿಂದೆ ಕೆರೆಯೊಂದರ ಹೂಳು ತೆಗೆಯುತ್ತಿದ್ದರು. ಅತ್ತೆಮನೆಗೆ ಬಂದಾಗಿನಿಂದ ಅವಳು ನೋಡಿದ್ದು ಅದನ್ನೇ: ಬೇಸಗೆ ಬಂದರೆ ಗಾಡಿ ಕಟ್ಟಿ ಕೆರೆ ಗೋಡು ತಂದು ಹೊಲಕ್ಕೆ ಹೊಡೆಯಬೇಕು, ಹೊಡೆಯದವನು ಒಕ್ಕಲುಮಗನೇ ಅಲ್ಲ. ಬಡಪಾಯಿ ದಿಣ್ಣೆಗೂ ಒಂದು ಸಲ ಹೊಟ್ಟೆ ತುಂಬಲಿ ಎಂದು ತಾನೇ ಮುಂದೆ ನಿಂತು ಹನ್ನೆರಡು ಟ್ರ್ಯಾಕ್ಟರ್ ಹರಡಿಸಿದ್ದಳು. ಹೊಟ್ಟೆ ತುಂಬದೇ ಇದ್ದದ್ದರಿಂದಲೇ ಆ ಹಣ್ಣಿಗೆ ಆ ರುಚಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳೂ ಇವಳೇ!

ಇಳಿಯುತ್ತಾ ಒಂದು ಯೋಚನೆ ಬಂತು. ದಿಣ್ಣೆಯ ಈ ರಸವನ್ನು ತಗ್ಗಿನ ಡ್ರಮ್ಮಿಗೆ ಚೂರುಚೂರೇ ಬೆರೆಸಿ, ಸಕ್ಕರೆ ಹೆಚ್ಚಿಗೆ ಹಾಕಿ, ಗಂಡನ ಹೆಸರಿನ ಲೇಬಲ್ಲು ಅಂಟಿಸಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ತನ್ನ ತಲೆಗೇ ಇದು ಹೊಳೆಯಿತಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಕೊಳೆತ ಗೊಂಚಲು ಮುಟ್ಟಿದಾಗಲೂ ಅಷ್ಟು ಹೇಸಿಕೆ ಆಗಿರಲಿಲ್ಲ.

"ಗೋಡು ಕೆರೆದು ತೆಗೆದ್ರೆ ಏನಾಗುತ್ತೆ ರಮ್ಯಾ?"

"ಬೇರೆಲ್ಲ ಕಿತ್ಕೊಂಡು ಬರುತ್ತೆ. ಎರಡು ವರ್ಷ ದಿಣ್ಣೆ ವೈನೇ ಇರಲ್ಲ. ಕೆಲವು ಬಳ್ಳಿ ಸತ್ತೂ ಹೋಗ್ಬಹುದು."

"ಕೆರೆಸು. ಆ ಡ್ರಮ್ಮುಗಳನ್ನ ಇವತ್ತೇ ಚೆಲ್ಲಿಸು. ಅವರಪ್ಪನ ಹೆಸರು ಇದಕ್ಕೆ ಬೇಡ."

ಶೆಡ್ಡಿನ ಮುಂದೆ ಹೆಂಗಸರು ಇನ್ನೂ ಹಣ್ಣು ಆರಿಸುತ್ತಿದ್ದರು. ಭೈರೇಶ್ ಖಾಲಿ ಕ್ರೇಟು ತೊಳೆಯುತ್ತಿದ್ದ. ಹನುಮಕ್ಕ ನೇರ ಹೋಗಿ ಅವರೆಲ್ಲರ ನಡುವೆ ನಿಂತಳು.

"ಕಳ್ಳ ಅಂದ್ಬಿಟ್ಟೆ ಕಣೋ ನಿನ್ನ. ಕೆಡಿಸಿದ್ದು ನಾನು. ಆ ಗೋಡು ನಾನು ಹೊಡೆಸಿದ್ದು."

ಭೈರೇಶ್ ತಲೆ ಎತ್ತಲಿಲ್ಲ. "ಗೊತ್ತು ಕಣಮ್ಮ. ಟ್ರ್ಯಾಕ್ಟರ್ ಬಂದ ದಿನವೇ ಮೋರಿ ಥರ ಗಬ್ಬು ನಾರ್ತಿತ್ತು. ನಿಂಗೆ ನಾತ ಹೊಡೀತಿಲ್ವೇನೋ ಅಂತ ಸುಮ್ಮನಾದೆ."

ಹೆಂಗಸರ ಕೈ ನಿಂತಿತು. ಹೌದು, ವಯಸ್ಸಾಯಿತಲ್ಲ, ಮೂಗು ಸತ್ತಿದೆ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಹೊಡೆದಿತ್ತು ಕಣೋ," ಎಂದಳು ಹನುಮಕ್ಕ. "ಮೊದಲನೇ ಟ್ರ್ಯಾಕ್ಟರಿಗೇ ಹೊಡೆದಿತ್ತು. ಮೂಗಿಗೆ ಸೆರಗು ಮುಚ್ಕೊಂಡೇ ಮಿಕ್ಕ ಹನ್ನೊಂದೂ ಹರಡಿಸ್ದೆ."