ಹಿತ್ತಾಳೆಯ ಒಳ ಅಳತೆ

ನಿನ್ನೆ ಟೂಲ್‌ಬಾಕ್ಸಿನಲ್ಲಿ ಸ್ಕ್ರೂ ಬಿಚ್ಚುವ ಅಲೆನ್ ಕೀ ಹುಡುಕುವಾಗ ಬೆರಳುದ್ದದ ಹಿತ್ತಾಳೆಯೊಂದು ಕೈಗೆ ಸಿಕ್ಕಿತು. ರೈಫಲ್ ತೋಟೆಯ ಖಾಲಿ ಕೇಸು. ಮೂಸಿದೆ. ಸುಟ್ಟ ಮದ್ದಿನ ವಾಸನೆ ಇನ್ನೂ ಇದೆ, ಅಥವಾ ಇರಲಿ ಎಂದು ನನ್ನ ಮೂಗಿನ ಆಸೆ. ಪೂವಯ್ಯ ಡಾಕ್ಟರು ನೆನಪಾದರು.

ಆಗ ಕೊರೋನಾ ಕಾಲ. ಡಾಕ್ಟರಿಗೆ ಐರ್ಲೆಂಡಿನ ಸ್ಲೈಗೋ ಊರಿನಲ್ಲಿ ಆಸ್ಪತ್ರೆ ಕೆಲಸ. ಕೊಡಗಿನವರಾದ್ದರಿಂದ ಕೋವಿಯೆಂದರೆ ಮನೆಮಂದಿಯಲ್ಲಿ ಒಬ್ಬರಿದ್ದ ಹಾಗೆ. ನಾನೋ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಪೀಣ್ಯದಲ್ಲಿ ಲೇತ್ ಮುಂದೆ ನಿಂತವನು; ಅದೇ ಕೈಕೆಲಸ ನನ್ನನ್ನು ಐರ್ಲೆಂಡಿಗೂ ತಂದಿತು. ಇಲ್ಲಿಯ ಇಂಜಿನಿಯರುಗಳ ನಡುವೆ ನನ್ನ ಡಿಗ್ರಿಯೆಂದರೆ ಉದ್ದ-ದಪ್ಪ ಅಳೆಯುವ ವರ್ನಿಯರ್. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತಿದ್ದೆ. ಜಂಬ ಅನ್ನಿ, ಬೇಜಾರಿಲ್ಲ.

ಲಾಕ್‌ಡೌನ್ ಸಡಿಲವಾದಾಗ ಡಾಕ್ಟರು ನನ್ನನ್ನು ತಮ್ಮ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ತೋಟೆ ತುಂಬಿಕೊಳ್ಳಲು ಪರವಾನಗಿಯಿದ್ದ ಕೋಣೆಯಿತ್ತು. ಮುಖಕ್ಕೆ ಮಾಸ್ಕು, ತೆರೆದ ಕಿಟಕಿಯಿಂದ ಹಲ್ಲು ಕಡಿಸುವ ಚಳಿ. ಮದ್ದು ತೂಗುವುದು ಅವರು, ಖಾಲಿ ಕೇಸು ವಿಂಗಡಿಸುವುದು ನಾನು.

"ತಳದಲ್ಲಿ ಕಂಪನಿ ಅಕ್ಷರ ಇದೆ ನೋಡು. ಓದಿ ಬೇರೆ ಬೇರೆ ಇಡು ಮಾರಾಯ."

ಇರುವೆಯಂಥ ಅಕ್ಷರ! ಓದುವುದು ಶಾಲೆ ಮುಗಿಸಿದವರ ಕೆಲಸ. ನಾನು ವರ್ನಿಯರ್ ಹಿಡಿದೆ. ಉದ್ದ, ದಪ್ಪ, ಎಲ್ಲ ಒಂದೇ. ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕಿದೆ.

"ನೀನು ನೋಡಿದ್ದೀಯಲ್ಲ, ಗ್ರ್ಯಾಂಡ್," ಎಂದು ಇಲ್ಲಿಯವರ ಹಾಗೆ ಒಪ್ಪಿ ಡಾಕ್ಟರು ಮದ್ದು ತುಂಬತೊಡಗಿದರು.

ಗುರಿಕಟ್ಟೆಯಲ್ಲಿ ಡಾಕ್ಟರು ಹಾರಿಸಿದ ಮೂರನೇ ಈಡಿಗೆ, ತೋಟೆಯ ಹಿಂದೆ ಮುಚ್ಚುವ ರೈಫಲ್ಲಿನ ಬೋಲ್ಟು ಕಚ್ಚಿಕೊಂಡಿತು.

"ಬಿಡಿ ಡಾಕ್ಟ್ರೇ, ಎರಡು ಏಟು ತಟ್ತೀನಿ, ಎಣ್ಣೆ ಒಣಗೈತೆ."

"ಮುಟ್ಟಬೇಡ!"

ಅವರು ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕ್ಲಬ್ಬಿನವರನ್ನು ಕರೆಸಿ, ಜೋಪಾನವಾಗಿ ಬಿಡಿಸಿದರು. ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು ಹಪ್ಪಳದಂತೆ ಚಪ್ಪಟೆಯಾಗಿತ್ತು. ಒಳಗೆ ಒತ್ತಡ ಮಿತಿ ಮೀರಿತ್ತು. ಇನ್ನೂ ಏರಿದ್ದರೆ ತೋಟೆ ಹಿಂದಕ್ಕೆ, ಅವರ ಮುಖಕ್ಕೇ ಸಿಡಿಯಬಹುದಿತ್ತು.

ಡಾಕ್ಟರು ಕೈ ನೋಡಿಕೊಂಡರು. "ನೈಟ್ ಡ್ಯೂಟಿ ಮಾಡಿ ಮಾಡಿ ತೂಕ ತಪ್ಪಿದೆನೇನೋ. ಸೋಮವಾರ ಇದೇ ಕೈಯಲ್ಲಿ ಪೇಷೆಂಟ್ ಮುಟ್ಟಬೇಕು. ಇನ್ನು ಈ ಕೋವಿ, ಮದ್ದು ನನಗೆ ಬೇಡ."

ಸುಮ್ಮನಿದ್ದರೆ ನನ್ನ ಜಂಬ ಉಳಿಯುತ್ತಿತ್ತು, ಅವರು ತಮ್ಮ ಕೈಯನ್ನೇ ನಂಬದಂತಾಗುತ್ತಿದ್ದರು. "ಅಕ್ಷರ ಓದ್ಲಿಲ್ಲ ಡಾಕ್ಟ್ರೇ. ಅಳತೆ ನೋಡಿದೆ."

"ಹೊರಗಿಂದಾ, ಒಳಗಿಂದಾ?"

ಬೇರೆ ಬೇರೆ ಕಂಪನಿಯ ಎರಡು ಖಾಲಿ ಕೇಸಿಗೆ ನೀರು ತುಂಬಿಸಿ ತೋರಿಸಿದರು. ಒಂದು ಬೇಗ ಉಕ್ಕಿತು. ಅದರ ಗೋಡೆ ದಪ್ಪ, ಹೊಟ್ಟೆ ಚಿಕ್ಕದು. ಇಕ್ಕಟ್ಟು ಜಾಗದಲ್ಲಿ ಅಷ್ಟೇ ಮದ್ದು ಉರಿದರೂ ಒತ್ತಡ ಏರುತ್ತದೆ. ವರ್ನಿಯರಿಗೆ ಹೊರಮೈ ಮಾತ್ರ ಗೊತ್ತಿತ್ತು. ನನಗೂ ಅಷ್ಟೇ.

ಉಳಿದ ತೋಟೆಗಳನ್ನೆಲ್ಲ ಕುಳಿತು ಬಿಚ್ಚಿದೆವು. ಡಾಕ್ಟರು ಬೈಯಲಿಲ್ಲ. ಹೊರಡುವಾಗ ಆ ಚಪ್ಪಟೆ ಕೇಪಿನ ಕೇಸನ್ನು ನನ್ನ ಜೇಬಿಗೆ ಹಾಕಿ, "ಇಟ್ಕೋ, ನಿನ್ನ ಡಿಗ್ರಿ ಸರ್ಟಿಫಿಕೇಟು," ಎಂದು ನಕ್ಕರು. ಸೋಮವಾರ ಅದೇ ಕೈ ನಂಬಿ ವಾರ್ಡಿಗೂ ಹೋದರು.

ಇಷ್ಟು ವರ್ಷ ಇಟ್ಟುಕೊಂಡಿದ್ದೆನೇ ಹೊರತು ಅದನ್ನು ಓದಿರಲಿಲ್ಲ. ನಿನ್ನೆ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ತಳದ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಆಮೇಲೆ, ಈಗ ಲೂಕನ್ ಎಂಬ ಊರಿನಲ್ಲಿರುವ ಡಾಕ್ಟರಿಗೆ ಫೋನು ಮಾಡಿದೆ.

"ಏನು ಮಾರಾಯ, ಇಷ್ಟು ದಿನಕ್ಕೆ?"

"ಓದಿದೆ ಡಾಕ್ಟ್ರೇ," ಎಂದೆ.